ಹರ್ಮನ್ ಬಾಲ್ಕ್: 11ನೇ ಪಾಂಜರ್ ಡಿವಿಜನ್ನಿನ ದಂಡನಾಯಕನ ಖ್ಯಾತಿಗೆ ಆಧಾರವೇನು?

ಪ್ರಶ್ನೆ – ಚರಿತ್ರಾಸಕ್ತ

ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕ್ ಸೇನಾನಿಗಳ ಮಾತು ಬಂದಾಗಲೆಲ್ಲ ರೊಮೆಲ್ ಮತ್ತು ಗುಡೇರಿಯನ್ ಹೆಸರುಗಳೇ ಮೊದಲು ಕೇಳಿಬರುತ್ತವೆ. ಆದರೆ ಯುದ್ಧತಂತ್ರವನ್ನು ಕಸುಬಿನಂತೆ ಅಭ್ಯಾಸ ಮಾಡಿದವರ ಬರಹಗಳನ್ನು ಓದತೊಡಗಿದರೆ ಹರ್ಮನ್ ಬಾಲ್ಕ್ ಎಂಬ ಇನ್ನೊಂದು ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. 1942ರ ಡಿಸೆಂಬರಿನಲ್ಲಿ ರಷ್ಯಾದ ಚಿರ್ ನದಿಯ ದಂಡೆಯಲ್ಲಿ ಆತ 11ನೇ ಪಾಂಜರ್ (ಅಂದರೆ ಟ್ಯಾಂಕ್) ಡಿವಿಜನ್ನನ್ನು ನಡೆಸಿದ ರೀತಿಯನ್ನು ಕೆಲವರು ಇಡೀ ಯುದ್ಧದಲ್ಲೇ ಒಂದು ಡಿವಿಜನ್ ತೋರಿದ ಅತ್ಯುತ್ತಮ ಸಾಧನೆ ಎಂದು ಹೊಗಳುತ್ತಾರೆ. ನೈಟ್ಸ್ ಕ್ರಾಸ್ ಪದಕದ ವಜ್ರಖಚಿತ ದರ್ಜೆಯನ್ನು ಇಡೀ ಜರ್ಮನ್ ಸೈನ್ಯದಲ್ಲಿ ಕೇವಲ 27 ಮಂದಿ ಪಡೆದಿದ್ದು, ಅವರಲ್ಲಿ ಬಾಲ್ಕ್ 19ನೆಯವನು ಎಂಬುದೂ ತಿಳಿಯಿತು.

ನನ್ನ ಪ್ರಶ್ನೆ ಇಷ್ಟು. ಈ ಖ್ಯಾತಿ ನಿಜವಾಗಿ ಯಾವ ಕೆಲಸದ ಮೇಲೆ ನಿಂತಿದೆ? ಚಿರ್ ದಂಡೆಯಲ್ಲಿ ಆತ ಮಾಡಿದ್ದೇನು, ಅದು ಬೇರೆಯವರಿಂದ ಆಗದೇ ಇದ್ದದ್ದು ಏಕೆ? ಡಿವಿಜನ್ನಿನ ಮಟ್ಟದಲ್ಲಿ ಅಷ್ಟು ಸಮರ್ಥನಾಗಿದ್ದವನು ಕೋರ್ (ಹಲವು ಡಿವಿಜನ್ನುಗಳ ಗುಂಪು), ಸೇನೆ, ಸೇನಾ ಸಮೂಹ ಎಂದು ಮೇಲೇರಿದ ಮೇಲೂ ಅದೇ ಮಟ್ಟ ಉಳಿಸಿಕೊಂಡನೇ? ತಿಳಿದವರು ಪದಕಗಳ ಪಟ್ಟಿಯನ್ನು ಬಿಟ್ಟು, ಆತ ನಿರ್ಧಾರಗಳನ್ನು ತೆಗೆದುಕೊಂಡ ಬಗೆಯನ್ನು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ – ರಣನಕ್ಷೆ

ಬಾಲ್ಕ್‌ನ ಕೆಲಸದ ರೀತಿ ಅರ್ಥವಾಗಬೇಕಾದರೆ ಆತ ಮೂಲತಃ ಟ್ಯಾಂಕಿನವನಲ್ಲ, ಕಾಲಾಳು ಎಂಬುದನ್ನು ಮೊದಲು ಗಮನಿಸಬೇಕು. 1893ರ ಡಿಸೆಂಬರ್ 7ರಂದು ಡಾನ್‌ಜಿಗ್ ನಗರದ ಬಳಿ ಸೈನಿಕ ಮನೆತನದಲ್ಲಿ ಹುಟ್ಟಿದವನು. ತಂದೆ ವಿಲಿಯಂ ಬಾಲ್ಕ್ ಸ್ವತಃ ಜನರಲ್ ಆಗಿದ್ದು, ಯುದ್ಧತಂತ್ರದ ಬಗ್ಗೆ ಬರೆದು ಹೆಸರು ಮಾಡಿದ್ದರು. ಮಗ 1913ರಲ್ಲಿ ಗೋಸ್ಲಾರ್‌ನಲ್ಲಿದ್ದ ಯೇಗರ್ ಬೆಟಾಲಿಯನ್ ಸೇರಿದ. ಯೇಗರ್ ಎಂದರೆ ಹಗುರ ಸಲಕರಣೆಯ, ಸಣ್ಣ ಗುಂಪುಗಳಲ್ಲಿ ಸ್ವತಂತ್ರವಾಗಿ ಹೋರಾಡುವ ಪದಾತಿ ದಳ. ಮೊದಲ ಮಹಾಯುದ್ಧದಲ್ಲಿ ಪಶ್ಚಿಮ, ಪೂರ್ವ, ಇಟಲಿ ಮತ್ತು ಬಾಲ್ಕನ್ ರಣರಂಗಗಳನ್ನೆಲ್ಲ ಕಂಡು, ರಷ್ಯನ್ ಸಾಲುಗಳ ಹಿಂದೆ ವಾರಗಟ್ಟಲೆ ಗಸ್ತು ನಡೆಸಿ, ಏಳು ಬಾರಿ ಗಾಯಗೊಂಡು ಬದುಕಿ ಬಂದ. ಯುದ್ಧದ ನಂತರದ ಪುಟ್ಟ ಸೈನ್ಯದಲ್ಲಿ ಜನರಲ್ ಸ್ಟಾಫ್ (ಯುದ್ಧಯೋಜನೆ ರೂಪಿಸುವ ಅಧಿಕಾರಿವರ್ಗ) ಸೇರುವ ಅವಕಾಶ ಎರಡು ಸಲ ಬಂದರೂ, ಸೈನಿಕರ ಜೊತೆಯಲ್ಲೇ ಇರುವೆನೆಂದು ಎರಡು ಸಲವೂ ನಿರಾಕರಿಸಿದ. ಬಡ್ತಿಗೆ ಅದೇ ರಾಜಮಾರ್ಗವಾಗಿದ್ದ ಕಾಲದಲ್ಲಿ ಇದು ಸಾಮಾನ್ಯ ನಿರ್ಧಾರವಲ್ಲ.

1940ರ ಮೇ 13ರಂದು ಸೆಡಾನ್ ಬಳಿ ಮ್ಯೂಸ್ ನದಿಯನ್ನು ರಬ್ಬರ್ ದೋಣಿಗಳಲ್ಲಿ ದಾಟಿದ್ದು ಆತನ 1ನೇ ರೈಫಲ್ ರೆಜಿಮೆಂಟ್. ಟ್ಯಾಂಕುಗಳು ನದಿ ದಾಟುವುದಕ್ಕೆ ಮೊದಲೇ, ಕಾಲಾಳುಗಳು ಮಾತ್ರವೇ ಫ್ರೆಂಚ್ ಕೋಟೆಮನೆಗಳನ್ನು ಭೇದಿಸಿ ದಕ್ಷಿಣದ ಎತ್ತರದ ನೆಲವನ್ನು ಹಿಡಿದರು. ಗುಡೇರಿಯನ್ ತಾನೇ ಒಂದು ದೋಣಿ ಹತ್ತಿ ಆಚೆ ದಡಕ್ಕೆ ಹೋದಾಗ, ಮ್ಯೂಸ್ ನದಿಯಲ್ಲಿ ದೋಣಿವಿಹಾರಕ್ಕೆ ಅನುಮತಿಯಿಲ್ಲ ಎಂದು ಬಾಲ್ಕ್ ನಗುತ್ತ ಸ್ವಾಗತಿಸಿದನಂತೆ. ತಾಲೀಮಿನ ಸಮಯದಲ್ಲಿ ಹಗುರವಾಗಿ ವರ್ತಿಸುತ್ತಿದ್ದ ಕಿರಿಯ ಅಧಿಕಾರಿಗಳನ್ನು ಗದರಿಸಲು ಗುಡೇರಿಯನ್ ಹೇಳಿದ್ದ ಮಾತನ್ನೇ ಹಿಂದಿರುಗಿಸಿದ್ದು. ಎರಡು ದಿನಗಳ ನಂತರ ಬೂವೆಲ್‌ಮೋನ್ ಹಳ್ಳಿಯ ಮುಂದೆ ಆತನ ಅಧಿಕಾರಿಗಳು, ಸೈನಿಕರಿಗೆ ನಿದ್ದೆಯಿಲ್ಲ, ಇನ್ನು ದಾಳಿ ಸಾಧ್ಯವಿಲ್ಲ ಎಂದು ಕೈಚೆಲ್ಲಿದರು. ಹಾಗಾದರೆ ಹಳ್ಳಿಯನ್ನು ನಾನೊಬ್ಬನೇ ಹಿಡಿಯುತ್ತೇನೆ ಎಂದು ಬಾಲ್ಕ್ ನಡೆಯತೊಡಗಿದ. ಉಳಿದವರು ಹಿಂಬಾಲಿಸಿದರು, ಹಳ್ಳಿ ಕೈವಶವಾಯಿತು.

ಗ್ರೀಸಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1941ರ ಏಪ್ರಿಲ್‌ನಲ್ಲಿ 3ನೇ ಪಾಂಜರ್ ರೆಜಿಮೆಂಟಿನ ಮುಖ್ಯಸ್ಥನಾಗಿ, ಟ್ಯಾಂಕುಗಳು ಹೋಗಲಾರವು ಎಂದು ಎದುರಾಳಿ ನಂಬಿದ್ದ ಪ್ಲಾಟಮೋನ್ ಗುಡ್ಡಗಳಲ್ಲಿಯೂ ಪಿನಿಯೋಸ್ ಕಣಿವೆಯಲ್ಲಿಯೂ ಟ್ಯಾಂಕುಗಳನ್ನು ನುಗ್ಗಿಸಿ, ನ್ಯೂಜಿಲೆಂಡಿನ 21ನೇ ಬೆಟಾಲಿಯನ್ನನ್ನು ಹಿಮ್ಮೆಟ್ಟಿಸಿದ. ಟ್ಯಾಂಕು ಮತ್ತು ಕಾಲಾಳುಗಳನ್ನು ಬೇರೆ ಬೇರೆಯಾಗಿ ಇಡದೆ ಒಂದೇ ನಾಯಕನ ಕೈಕೆಳಗೆ ಬೆರೆಸಬೇಕೆಂಬುದು ಫ್ರಾನ್ಸ್ ಮತ್ತು ಗ್ರೀಸಿನ ಅನುಭವದಿಂದ ಆತ ಕಲಿತ ಪಾಠ. 1942ರ ಮೇ ತಿಂಗಳಲ್ಲಿ, ಇನ್ನೂ ಕರ್ನಲ್ ದರ್ಜೆಯಲ್ಲಿದ್ದಾಗಲೇ, 11ನೇ ಪಾಂಜರ್ ಡಿವಿಜನ್ ಆತನ ವಶಕ್ಕೆ ಬಂತು.

ಈಗ ಚಿರ್. ನವೆಂಬರ್ 19ರಂದು ಆರಂಭವಾದ ಸೋವಿಯತ್ ದಾಳಿ ಜರ್ಮನ್ 6ನೇ ಸೇನೆಯನ್ನು ಸ್ಟಾಲಿನ್‌ಗ್ರಾಡಿನಲ್ಲಿ ಸುತ್ತುವರಿದ ಮೇಲೆ, ಪಶ್ಚಿಮದಲ್ಲಿ ಉಳಿದ ತೆಳುವಾದ ಸಾಲು ದೋನ್ ನದಿಯನ್ನು ಸೇರುವ ಚಿರ್ ನದಿಯ ಉದ್ದಕ್ಕೂ ಹರಡಿತ್ತು. ಸುತ್ತುವರಿದ ಸೇನೆಗೆ ಸಾಮಗ್ರಿ ಹೊತ್ತೊಯ್ಯುವ ವಿಮಾನಗಳು ಹೊರಡುತ್ತಿದ್ದ ತತ್ಸಿನ್ಸ್ಕಾಯ ಮತ್ತು ಮೊರೊಜೊವ್ಸ್ಕಾಯ ವಾಯುನೆಲೆಗಳು ಈ ಸಾಲಿನ ಹಿಂದೆಯೇ ಇದ್ದವು. ಸಾಲನ್ನು ಹಿಡಿದು ನಿಂತದ್ದು ಮುಖ್ಯವಾಗಿ 336ನೇ ಪದಾತಿ ಡಿವಿಜನ್. ಅದರ ನೆರವಿಗೆಂದು ಬಾಲ್ಕ್‌ನ ಡಿವಿಜನ್ ಇನ್ನೂ ದಾರಿಯಲ್ಲಿದ್ದಾಗಲೇ, ಡಿಸೆಂಬರ್ 7ರಂದು ಸೋವಿಯತ್ 1ನೇ ಟ್ಯಾಂಕ್ ಕೋರ್ ನದಿ ದಾಟಿ, 79ನೇ ಸಂಖ್ಯೆಯ ಸರ್ಕಾರಿ ಕೃಷಿ ಕ್ಷೇತ್ರದವರೆಗೆ ನುಗ್ಗಿಬಿಟ್ಟಿತು.

ಇಲ್ಲಿ ಆತ ಮಾಡಿದ ಮೊದಲ ಕೆಲಸ ತನ್ನ ಮುಖ್ಯಠಾಣೆಯನ್ನು 336ನೇ ಡಿವಿಜನ್ನಿನ ಮುಖ್ಯಠಾಣೆಯ ಪಕ್ಕದಲ್ಲೇ ಇಟ್ಟದ್ದು. ಇಬ್ಬರು ದಂಡನಾಯಕರೂ ಒಂದೇ ನಕ್ಷೆಯ ಮುಂದೆ ನಿಂತು ಮಾತಾಡಬಹುದಿತ್ತು. ಎದುರಿನಿಂದ ದಾಳಿ ಮಾಡಿ ಶತ್ರುವನ್ನು ಹಿಂದಕ್ಕೆ ತಳ್ಳಬೇಕೆಂಬುದು ಮೇಲಿನವರ ಅಪೇಕ್ಷೆ. ತಳ್ಳಿದರೆ ಆತ ನಾಳೆ ಮತ್ತೆ ಬರುತ್ತಾನೆ, ಆದ್ದರಿಂದ ಬಂದವನು ಹಿಂದಿರುಗಿ ಹೋಗಬಾರದು ಎಂಬುದು ಬಾಲ್ಕ್‌ನ ಲೆಕ್ಕ. ಒಂದು ಪದಾತಿ ರೆಜಿಮೆಂಟ್ ಮತ್ತು ವಿಮಾನನಿರೋಧಕ ತೋಪುಗಳು ಶತ್ರುವಿನ ಮುಂಭಾಗವನ್ನು ತಡೆದು ನಿಲ್ಲಿಸಿದವು. ರಾತ್ರಿಯಿಡೀ ಸಾಗಿದ 15ನೇ ಪಾಂಜರ್ ರೆಜಿಮೆಂಟ್, ಡಿಸೆಂಬರ್ 8ರ ಬೆಳಗಿನ ಜಾವ ಸೋವಿಯತ್ ಟ್ಯಾಂಕುಗಳ ಹಿಂದೆ ಲಾರಿಗಳಲ್ಲಿ ಬರುತ್ತಿದ್ದ ಕಾಲಾಳುಗಳ ಸಾಲಿಗೆ ಅಡ್ಡವಾಗಿ ಬಂದು ಅದನ್ನು ಚದುರಿಸಿ, ಬಳಿಕ ಕೃಷಿ ಕ್ಷೇತ್ರದಲ್ಲಿದ್ದ ಟ್ಯಾಂಕುಗಳ ಬೆನ್ನಿಗೆ ಬಿತ್ತು. ಆ ದಿನ 53 ಟ್ಯಾಂಕುಗಳನ್ನು ನಾಶಮಾಡಿದ್ದಾಗಿ ಡಿವಿಜನ್ ಹೇಳಿಕೊಂಡಿತು.

ಇದಾದ ಮೇಲೆ ಎರಡು ವಾರ ಅದೇ ಕೆಲಸ. ಒಂದು ಕಡೆ ಸಾಲು ಒಡೆಯಿತು ಎಂದು ತಿಳಿದ ಕೂಡಲೇ ರಾತ್ರಿ ಪ್ರಯಾಣ, ಬೆಳಕು ಹರಿಯುವ ಹೊತ್ತಿಗೆ ದಾಳಿ, ಸಂಜೆ ಮತ್ತೊಂದು ಕಡೆಯಿಂದ ಕರೆ. ಬಾಲ್ಕ್ ಲಿಖಿತ ಆದೇಶಗಳನ್ನು ಕೈಬಿಟ್ಟಿದ್ದ. ಆಜ್ಞೆಗಳೆಲ್ಲ ಬಾಯಿಮಾತಿನಲ್ಲಿ, ಆಯಾ ರೆಜಿಮೆಂಟಿನ ನಾಯಕನ ಎದುರಿಗೇ. ಆತನ ಮುಖ್ಯ ಸ್ಟಾಫ್ ಅಧಿಕಾರಿ ಮೇಜರ್ ಕೀನಿಟ್ಸ್ ಸ್ವಲ್ಪ ಹಿಂದೆ ಒಂದೇ ಜಾಗದಲ್ಲಿ ಕುಳಿತು, ರೇಡಿಯೋ ಮೂಲಕ ಮೇಲಿನ ಕೋರ್ ಜೊತೆಗೂ ಮುಂದಿದ್ದ ತನ್ನ ದಂಡನಾಯಕನ ಜೊತೆಗೂ ಸಂಪರ್ಕ ಉಳಿಸಿಕೊಳ್ಳುತ್ತಿದ್ದ. ಬಾಲ್ಕ್ ಮಾತ್ರ ದಿನಕ್ಕೆ ಹಲವು ಬಾರಿ ಪ್ರತಿಯೊಂದು ರೆಜಿಮೆಂಟನ್ನೂ ಕಂಡು ಬರುತ್ತಿದ್ದ. ಸಂಜೆ ಕಂಡದ್ದನ್ನು ಒರೆಗೆ ಹಚ್ಚಿ ರಾತ್ರಿಯೇ ತೀರ್ಮಾನ ಹೇಳುತ್ತಿದ್ದುದರಿಂದ, ಸೋವಿಯತ್ ಕೋರ್ ಒಂದು ತನ್ನ ಮೇಲಿನವರಿಗೆ ವರದಿ ಒಪ್ಪಿಸಿ ಆದೇಶ ಪಡೆಯುವಷ್ಟರಲ್ಲಿ 11ನೇ ಡಿವಿಜನ್ ಜಾಗ ಬದಲಿಸಿರುತ್ತಿತ್ತು. ರಾತ್ರಿಯ ಪ್ರಯಾಣ ರಕ್ತ ಉಳಿಸುತ್ತದೆ ಎಂಬುದು ಆತನ ನಂಬಿಕೆ. ದಣಿದ ಸೈನಿಕರನ್ನು ನಿದ್ದೆಗೆಡಿಸುವುದಕ್ಕಿಂತ ಹಗಲಿನಲ್ಲಿ ಸಿದ್ಧವಾಗಿ ನಿಂತ ಶತ್ರುವಿನ ಎದುರಿಗೆ ನುಗ್ಗಿಸುವುದು ಹೆಚ್ಚು ಕ್ರೂರವೆಂದು ಆತ ಭಾವಿಸಿದ್ದ.

ಡಿಸೆಂಬರ್ 19ರ ಘಟನೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಹೊತ್ತಿಗೆ ಪಾಂಜರ್ ರೆಜಿಮೆಂಟಿನಲ್ಲಿ ಓಡುವ ಸ್ಥಿತಿಯಲ್ಲಿದ್ದವು 25 ಟ್ಯಾಂಕುಗಳಷ್ಟೇ. ಬೆಳಗಿನ ಐದು ಗಂಟೆಯ ಮಬ್ಬಿನಲ್ಲಿ ದಕ್ಷಿಣಕ್ಕೆ ಸಾಗುತ್ತಿದ್ದ ಸೋವಿಯತ್ ಯಾಂತ್ರಿಕ ಕೋರಿನ ಟ್ಯಾಂಕು ಸಾಲೊಂದು ಕಣ್ಣಿಗೆ ಬಿತ್ತು. ಎದುರಿಗೆ ಹೋಗುವ ಬದಲು ಜರ್ಮನ್ ಟ್ಯಾಂಕುಗಳು ಆ ಸಾಲಿನ ಬಾಲಕ್ಕೆ, ತಾವೂ ಅದರ ಭಾಗವೆಂಬಂತೆ, ಅಂಟಿಕೊಂಡು ಸಾಗಿ ನಂತರ ಗುಂಡು ಹಾರಿಸಿದವು. ಹಿಂದಿರುವವರು ತಮ್ಮವರೇ ಎಂದು ಸೋವಿಯತ್ ಸಿಬ್ಬಂದಿ ಭಾವಿಸಿದ್ದರು. ನಿಮಿಷಗಳಲ್ಲಿ 42, ಬಳಿಕ ಮುಂದಿನ ಎರಡನೆಯ ಸಾಲಿನಲ್ಲಿ ಇನ್ನಷ್ಟು ಸೇರಿ ಒಟ್ಟು 65 ಟ್ಯಾಂಕುಗಳು ಎಂದು ಜರ್ಮನ್ ಕಡೆಯ ಲೆಕ್ಕ. ಮರುದಿನ ಆತನಿಗೆ ನೈಟ್ಸ್ ಕ್ರಾಸಿನ ಓಕ್ ಎಲೆಗಳ ದರ್ಜೆ ದೊರಕಿತು.

ಉತ್ತರ – ದೋನ್ ತೀರ

ಮೇಲಿನ ಉತ್ತರದಲ್ಲಿರುವ ಘಟನಾವಳಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಯಾರು ಹೇಳಿದರು ಎಂಬುದನ್ನು ಮರೆತರೆ ಚಿತ್ರ ಓರೆಯಾಗುತ್ತದೆ.

ಚಿರ್ ಯುದ್ಧದ ಪ್ರಸಿದ್ಧ ವಿವರಣೆ ನಮಗೆ ಬಂದಿರುವುದು ಬಹುಮಟ್ಟಿಗೆ ಫ್ರೀಡ್ರಿಶ್ ಫಾನ್ ಮೆಲ್ಲೆಂಥಿನ್ ಯುದ್ಧಾನಂತರ ಬರೆದ ನೆನಪುಗಳಿಂದ. ಆ ಡಿಸೆಂಬರಿನಲ್ಲಿ ಮೆಲ್ಲೆಂಥಿನ್ 48ನೇ ಪಾಂಜರ್ ಕೋರಿನ ಸ್ಟಾಫ್ ಮುಖ್ಯಸ್ಥ. ಅಂದರೆ ಬಾಲ್ಕ್‌ನ ಡಿವಿಜನ್ ಯಾವ ಕೋರಿನ ಕೈಕೆಳಗಿತ್ತೋ ಅದರವನು. ಮುಂದೆ ಬಾಲ್ಕ್ ಅದೇ ಕೋರಿನ ನಾಯಕನಾದಾಗಲೂ, 4ನೇ ಪಾಂಜರ್ ಸೇನೆಯಲ್ಲೂ, ಪಶ್ಚಿಮದ ಸೇನಾ ಸಮೂಹದಲ್ಲೂ ಈತನೇ ಸ್ಟಾಫ್ ಮುಖ್ಯಸ್ಥನಾಗಿದ್ದ. ಹೀಗಾಗಿ ಮುಖ್ಯ ಸಾಕ್ಷಿ ಎನಿಸಿದವನು ಬಾಲ್ಕ್‌ನ ಬಲಗೈಯೂ ಹೌದು. ಹಾಗೆಂದು ಆತ ಹೇಳಿದ್ದೆಲ್ಲ ಸುಳ್ಳೆನ್ನಲಾಗದು. ಆದರೆ ಒಂದು ಟ್ಯಾಂಕು ‘ನಾಶವಾಯಿತು’ ಎಂದು ಗುಂಡು ಹಾರಿಸಿದವನು ಬರೆದುಕೊಳ್ಳುವುದಕ್ಕೂ, ಅದು ಎದುರಾಳಿಯ ದಾಖಲೆಯಲ್ಲಿ ಶಾಶ್ವತ ನಷ್ಟವಾಗಿ ಸೇರುವುದಕ್ಕೂ ಬಹಳ ಅಂತರವಿದೆ. ಕೆಟ್ಟು ನಿಂತ ಟ್ಯಾಂಕನ್ನು ರಾತ್ರಿ ಎಳೆದೊಯ್ದು ದುರಸ್ತಿ ಮಾಡುವುದು ಎರಡೂ ಕಡೆಯವರ ದಿನನಿತ್ಯದ ಕೆಲಸವಾಗಿತ್ತು. ಆದ್ದರಿಂದ 53, 65 ಮುಂತಾದ ಸಂಖ್ಯೆಗಳನ್ನು ಜರ್ಮನ್ ಹೇಳಿಕೆಗಳೆಂದೇ ಓದಬೇಕು, ಎಣಿಸಿದ ಶವಗಳಂತೆ ಅಲ್ಲ.

ಇನ್ನೊಂದು ಸಂಗತಿ. ಚಿರ್ ದಂಡೆಯಲ್ಲಿ ಬಾಲ್ಕ್ ಗೆದ್ದದ್ದರಲ್ಲಿ ಎದುರಾಳಿಯ ಪಾಲೂ ದೊಡ್ಡದು. ಜನರಲ್ ರೊಮಾನೆಂಕೊನ 5ನೇ ಟ್ಯಾಂಕ್ ಸೇನೆ ತನ್ನ ಬಲವನ್ನೆಲ್ಲ ಒಂದೇ ಹೊತ್ತಿಗೆ, ಒಂದೇ ಕಡೆ ಪ್ರಯೋಗಿಸಲಿಲ್ಲ. ಇಂದು ಇಲ್ಲಿ, ನಾಡಿದ್ದು ಅಲ್ಲಿ ಎಂಬಂತೆ ದಾಳಿಗಳು ಬಿಡಿಬಿಡಿಯಾಗಿ ನಡೆದವು. ಟ್ಯಾಂಕುಗಳು ಮುಂದೋಡಿ ಕಾಲಾಳು ಮತ್ತು ಫಿರಂಗಿಗಳು ಹಿಂದುಳಿದವು. ಒಂದೇ ಒಂದು ಪಾಂಜರ್ ಡಿವಿಜನ್ ಒಂದಾದ ಮೇಲೊಂದು ಕೋರನ್ನು ಎದುರಿಸಲು ಸಾಧ್ಯವಾದದ್ದು ಆ ಅಂತರಗಳಿಂದಲೇ. ಮೂರು ಕೋರ್‌ಗಳು ಒಂದೇ ಮುಂಜಾನೆ ಮೂರು ಕಡೆ ನದಿ ದಾಟಿದ್ದರೆ, ಎಷ್ಟೇ ಚುರುಕಾದ ದಂಡನಾಯಕನಾದರೂ ಒಂದನ್ನು ತಡೆಯುವಷ್ಟರಲ್ಲಿ ಇನ್ನೆರಡು ವಾಯುನೆಲೆಗಳನ್ನು ತಲುಪಿರುತ್ತಿದ್ದವು.

336ನೇ ಪದಾತಿ ಡಿವಿಜನ್ನಿಗೂ ಸಲ್ಲಬೇಕಾದ ಶ್ರೇಯ ಸಂದಿಲ್ಲ. ಸಾಲು ಒಡೆದ ಮೇಲೂ ಅದರ ತುಕಡಿಗಳು ತಮ್ಮ ತಮ್ಮ ಜಾಗದಲ್ಲಿ ಅಲುಗದೆ ನಿಂತದ್ದರಿಂದಲೇ ಬಾಲ್ಕ್‌ಗೆ ತಿರುಗಲು ಒಂದು ಅಚ್ಚು ಸಿಕ್ಕಿತು. ತನ್ನ ಡಿವಿಜನ್ನಿನ ಯಶಸ್ಸು ಅವರ ಗಟ್ಟಿತನದ ಮೇಲೆ ನಿಂತಿತ್ತೆಂಬುದನ್ನು ಬಾಲ್ಕ್ ಅಲ್ಲಗಳೆದಿರಲಿಲ್ಲ. ಆತನನ್ನು ಹೊಗಳುವವರು ಮಾತ್ರ ಕಾಲಾಳುಗಳ ಹೆಸರನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ.

ಪ್ರಶ್ನೆ ಕೇಳಿದವರು – ಚರಿತ್ರಾಸಕ್ತ

ಇಬ್ಬರಿಗೂ ಧನ್ಯವಾದಗಳು. ಇದರಿಂದ ಇನ್ನೊಂದು ಸಂದೇಹ ಹುಟ್ಟಿತು. ಚಿರ್ ದಂಡೆಯಲ್ಲಿ ಬಾಲ್ಕ್ ಪ್ರತಿಯೊಂದು ಕಾಳಗವನ್ನೂ ಗೆದ್ದನೆಂದೇ ಇಟ್ಟುಕೊಳ್ಳೋಣ. ಆದರೂ 6ನೇ ಸೇನೆ ಉಳಿಯಲಿಲ್ಲ, ವಾಯುನೆಲೆಗಳೂ ಉಳಿಯಲಿಲ್ಲ. ಹಾಗಾದರೆ ಆ ಗೆಲುವುಗಳಿಂದ ಯುದ್ಧದ ಗತಿಯಲ್ಲಿ ಏನಾದರೂ ಬದಲಾಯಿತೇ, ಅಥವಾ ಅವು ಕೇವಲ ಸೈನಿಕ ಶಾಲೆಗಳಲ್ಲಿ ಪಾಠ ಹೇಳಲು ಒದಗುವ ಉದಾಹರಣೆಗಳೇ?

ಉತ್ತರ – ರಣನಕ್ಷೆ

ನಿಮ್ಮ ಸಂದೇಹ ಸರಿಯಾದ ಜಾಗವನ್ನೇ ಮುಟ್ಟಿದೆ. 48ನೇ ಪಾಂಜರ್ ಕೋರನ್ನು ಚಿರ್ ಬಳಿಗೆ ಕಳುಹಿಸಿದ್ದೇ ಸ್ಟಾಲಿನ್‌ಗ್ರಾಡನ್ನು ಬಿಡಿಸುವ ದಾಳಿಯಲ್ಲಿ ಪಾಲ್ಗೊಳ್ಳಲೆಂದು. ಡಿಸೆಂಬರ್ 12ರಂದು ದಕ್ಷಿಣದ ಕೊತೆಲ್ನಿಕೊವೊದಿಂದ ಹೊರಟ 57ನೇ ಪಾಂಜರ್ ಕೋರಿಗೆ ಜೊತೆಯಾಗಿ, ಚಿರ್ ಮತ್ತು ದೋನ್ ಕೂಡುವ ಕಡೆಯಿಂದ ಇವರೂ ಹೊರಡಬೇಕಿತ್ತು. ಸೋವಿಯತ್ ದಾಳಿಗಳು ಬಾಲ್ಕ್‌ನನ್ನು ನದಿಯ ದಂಡೆಯಲ್ಲೇ ಕಟ್ಟಿಹಾಕಿದ್ದರಿಂದ ಅದು ಆಗಲೇ ಇಲ್ಲ. ದಕ್ಷಿಣದ ಕೋರ್ ಒಂಟಿಯಾಗಿ ಸಾಗಿ, ಸುತ್ತುವರಿದ ಸೇನೆಯಿಂದ ಇನ್ನೂ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮಿಶ್ಕೊವಾ ನದಿಯ ಬಳಿ ನಿಂತಿತು. ಟ್ಯಾಂಕುಗಳ ಲೆಕ್ಕದಲ್ಲಿ ರೊಮಾನೆಂಕೊ ಸೋತಿರಬಹುದು, ಆದರೆ ಜರ್ಮನರ ಒಂದು ಉತ್ತಮ ಡಿವಿಜನ್ನನ್ನು ಬೇಕಾದ ಕಡೆ ಹೋಗದಂತೆ ತಡೆಯುವ ಕೆಲಸವನ್ನು ಆತನ ಸೇನೆ ಮಾಡಿ ಮುಗಿಸಿತ್ತು.

ಅಷ್ಟರಲ್ಲಿ ಡಿಸೆಂಬರ್ 16ರಂದು ಇನ್ನೂ ವಾಯವ್ಯಕ್ಕೆ ದೋನ್ ಮೇಲ್ದಂಡೆಯಲ್ಲಿ ಹೊಸ ದಾಳಿ ಶುರುವಾಗಿ ಇಟಲಿಯ 8ನೇ ಸೇನೆ ಕುಸಿಯಿತು. ಆ ಬಿರುಕಿನಿಂದ ನುಗ್ಗಿದ ಜನರಲ್ ಬದಾನೋವ್‌ನ 24ನೇ ಟ್ಯಾಂಕ್ ಕೋರ್ ಡಿಸೆಂಬರ್ 24ರ ಬೆಳಿಗ್ಗೆ ತತ್ಸಿನ್ಸ್ಕಾಯ ವಾಯುನೆಲೆಯ ಮೇಲೆ ಬಿತ್ತು. ಓಡುದಾರಿಯಲ್ಲೇ ಟ್ಯಾಂಕುಗಳು ಹರಿದಾಡುತ್ತಿರುವಾಗ ಸಾರಿಗೆ ವಿಮಾನಗಳು ಮಂಜಿನಲ್ಲಿ ಅಡ್ಡಾದಿಡ್ಡಿಯಾಗಿ ಮೇಲೇರಿದವು. ನಾಶವಾದ ವಿಮಾನಗಳು 70ರ ಆಸುಪಾಸು ಎಂದು ಜರ್ಮನರೂ, 300ಕ್ಕೂ ಹೆಚ್ಚೆಂದು ಸೋವಿಯತ್ ಕಡೆಯವರೂ ಹೇಳುತ್ತಾರೆ. ಚಿರ್ ಬಿಟ್ಟು ಅವಸರದಲ್ಲಿ ಬಂದ ಬಾಲ್ಕ್, 6ನೇ ಪಾಂಜರ್ ಡಿವಿಜನ್ನಿನ ತುಕಡಿಗಳೊಡನೆ ಸೇರಿ ಬದಾನೋವ್‌ನನ್ನು ಸುತ್ತುವರಿದು, 28ರ ವೇಳೆಗೆ ನೆಲೆಯನ್ನು ಮರಳಿ ಪಡೆದ. ಬದಾನೋವ್ ಉಳಿದವರೊಡನೆ ರಾತ್ರಿ ಭೇದಿಸಿಕೊಂಡು ಹೊರಬಿದ್ದ. ಆತನ ಕೋರಿಗೆ ‘ಗಾರ್ಡ್ಸ್’ ಎಂಬ ಗೌರವ ಬಿರುದು, ಆತನಿಗೆ ಎರಡನೆಯ ದರ್ಜೆಯ ಸುವೊರೊವ್ ಪದಕಗಳಲ್ಲಿ ಮೊದಲನೆಯದು. ಒಂದೇ ಕಾಳಗಕ್ಕೆ ಎರಡೂ ಕಡೆಯವರು ಸಂಭ್ರಮಪಟ್ಟ ಅಪರೂಪದ ಸಂದರ್ಭವಿದು. ಆದರೆ ಸ್ಟಾಲಿನ್‌ಗ್ರಾಡಿಗೆ ಹೋಗಬೇಕಿದ್ದ ಸಾಮಗ್ರಿಯ ದೃಷ್ಟಿಯಿಂದ ನೋಡಿದರೆ ಬದಾನೋವ್‌ನ ಕೆಲಸವೇ ಹೆಚ್ಚು ದೂರ ಮುಟ್ಟಿತು.

ಹಾಗಿದ್ದೂ ಬಾಲ್ಕ್‌ನ ಗೆಲುವುಗಳು ಪೂರ್ತಿ ವ್ಯರ್ಥವಲ್ಲ. 1943ರ ಜನವರಿ 25ರಂದು ಮಾನಿಚ್ ನದಿ ದೋನ್ ಸೇರುವಲ್ಲಿ ಸೋವಿಯತ್ ಸೇನೆ ಹಿಡಿದಿದ್ದ ಸೇತುಮುಖವನ್ನು (ನದಿ ದಾಟಿ ಹಿಡಿದ ನೆಲೆಯನ್ನು) ಆತ ತೆಗೆದುಹಾಕಿದ. ಈಶಾನ್ಯದಲ್ಲಿ ಕವಚವಾಹನಗಳನ್ನು ಹೊಗೆಯ ಮರೆಯಲ್ಲಿ ಓಡಾಡಿಸಿ, ಊರಿನಲ್ಲಿದ್ದ ತೋಪುಗಳೆಲ್ಲ ಆ ಕಡೆ ತಿರುಗಿದ ಮೇಲೆ ದಕ್ಷಿಣದಿಂದ ಟ್ಯಾಂಕುಗಳನ್ನು ನುಗ್ಗಿಸಿದ ಕಾಳಗವದು. ಕಾಕಸಸ್‌ನಿಂದ ರೊಸ್ತೋವ್ ಮೂಲಕ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಗೆ ದಾರಿ ತೆರೆದೇ ಇರುವುದಕ್ಕೆ ಇದು ನೇರವಾಗಿ ನೆರವಾಯಿತು. ನನ್ನ ಮಟ್ಟಿಗೆ ಚಿರ್‌ಗಿಂತ ಮಾನಿಚ್ ಕಾಳಗವೇ ಆತನ ಹೆಚ್ಚು ಫಲ ಕೊಟ್ಟ ಕೆಲಸ, ಅದರ ಹೆಸರು ಕಡಿಮೆ ಕೇಳಿಬರುತ್ತದೆಯಾದರೂ.

ಉತ್ತರ – ಹಳೆಯ ಕಡತ

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಯಾರೂ ಬಂದಿಲ್ಲವಾದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ.

1943ರ ವಸಂತದ ನಂತರ ಬಾಲ್ಕ್ ಕೆಲಕಾಲ ಗ್ರೋಸ್‌ಡಾಯ್ಚ್‌ಲಾಂಡ್ ಡಿವಿಜನ್ನನ್ನೂ, ಮಿತ್ರಪಡೆಗಳು ಸಲೆರ್ನೊದಲ್ಲಿ ಇಳಿದ ಹೊತ್ತಿಗೆ ಇಟಲಿಯಲ್ಲಿ 14ನೇ ಪಾಂಜರ್ ಕೋರನ್ನೂ ನಡೆಸಿ, ವಿಮಾನ ಅಪಘಾತದಲ್ಲಿ ಗಾಯಗೊಂಡು, ನವೆಂಬರಿನಲ್ಲಿ 48ನೇ ಪಾಂಜರ್ ಕೋರಿನ ನಾಯಕನಾಗಿ ಪೂರ್ವಕ್ಕೆ ಮರಳಿದ. ಕೀವ್ ನಗರ ನವೆಂಬರ್ 6ರಂದು ಸೋವಿಯತ್ ವಶವಾಗಿತ್ತು. ಬಾಲ್ಕ್ ನೇರವಾಗಿ ಕೀವ್ ಕಡೆಗೆ ಹೊಡೆಯಬೇಕೆಂದರೆ, ಮೇಲಿನ ಸೇನೆಯ ನಾಯಕ ರೌಸ್ ಮೊದಲು ಝಿತೋಮಿರ್ ಎಂದ. ಝಿತೋಮಿರ್ ಸಿಕ್ಕಿತು, ಡಿಸೆಂಬರಿನಲ್ಲಿ ರಾದೊಮಿಶ್ಲ್ ಬಳಿ ಕೆಲವು ಚಾಣಾಕ್ಷ ಹೊಡೆತಗಳೂ ಸಂದವು, ಕೀವ್ ಮಾತ್ರ ಮರಳಿ ಬರಲಿಲ್ಲ. 1944ರ ಆಗಸ್ಟ್‌ನಲ್ಲಿ 4ನೇ ಪಾಂಜರ್ ಸೇನೆ ಆತನ ಕೈಗೆ ಬಂತು. ವಿಸ್ತುಲಾ ನದಿಯ ಬರಾನೊವ್ ಸೇತುಮುಖವನ್ನು ಆತ ಕಿರಿದುಗೊಳಿಸಲೆತ್ನಿಸಿದನಾದರೂ ಅಳಿಸಲಾಗಲಿಲ್ಲ. 1945ರ ಜನವರಿಯಲ್ಲಿ ಸೋವಿಯತ್ ಮಾರ್ಷಲ್ ಕೊನೆವ್‌ನ ಮಹಾದಾಳಿ ಹೊರಟದ್ದು ಅಲ್ಲಿಂದಲೇ. ವಜ್ರಖಚಿತ ದರ್ಜೆ ದೊರೆತದ್ದು ಆ ಆಗಸ್ಟ್ 31ರಂದು.

ಸೆಪ್ಟೆಂಬರ್ 21ರಂದು ಬ್ಲಾಸ್ಕೊವಿಟ್ಸ್‌ನ ಜಾಗಕ್ಕೆ, ಫ್ರಾನ್ಸಿನ ಲೊರೇನ್ ಪ್ರದೇಶದಲ್ಲಿದ್ದ ಜಿ ಸೇನಾ ಸಮೂಹದ ನಾಯಕನಾಗಿ ಬಂದದ್ದೇ ಆತನ ಬದುಕಿನ ಅತ್ಯಂತ ಎತ್ತರದ ಹುದ್ದೆ. ಕಾಳಗಗಳ ದೃಷ್ಟಿಯಿಂದ ಅತ್ಯಂತ ನಿರಾಶಾದಾಯಕ ಕಾಲವೂ ಅದೇ. ಆರಕೂರ್ ಬಳಿ ಅಮೆರಿಕದ 4ನೇ ಆರ್ಮರ್ಡ್ ಡಿವಿಜನ್ನಿನ ಮೇಲೆ ಮಾಂಟೊಯ್ಫೆಲ್‌ನ 5ನೇ ಪಾಂಜರ್ ಸೇನೆ ನಡೆಸುತ್ತಿದ್ದ ದಾಳಿಗಳು ಆಗಲೇ ಕುಂಟುತ್ತಿದ್ದವು. ಹೊಸ ಪಾಂಜರ್ ಬ್ರಿಗೇಡುಗಳಿಗೆ ಪ್ಯಾಂಥರ್ ಟ್ಯಾಂಕುಗಳಿದ್ದವು, ತರಬೇತಿಯಿರಲಿಲ್ಲ. ನಕ್ಷೆ ಓದಲು ತಡವರಿಸುವ ಸಿಬ್ಬಂದಿ, ಜೊತೆಗೆ ಸಾಕಷ್ಟು ಕಾಲಾಳು, ಫಿರಂಗಿಗಳಿಲ್ಲ. ಮೋಡ ಸರಿದ ಕೂಡಲೇ ಮೇಲೆ ಬರುವ ವಿಮಾನಗಳು ಬೇರೆ. ಪೂರ್ವದಲ್ಲಿ ಕಲಿತ ಉಪಾಯ, ಅಂದರೆ ರಾತ್ರಿ ಸಾಗಿ ಬೆಳಿಗ್ಗೆ ಪಾರ್ಶ್ವಕ್ಕೆ ಹೊಡೆಯುವುದು, ಪಳಗಿದ ಡಿವಿಜನ್ನಿಗೆ ಸಾಧ್ಯವೇ ಹೊರತು ಇಂಥ ತುಕಡಿಗಳಿಗಲ್ಲ. ಆದರೂ ದಾಳಿ ಮುಂದುವರಿಸುವಂತೆ ಬಾಲ್ಕ್ ಒತ್ತಡ ಹೇರಿದ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಬ್ರಿಗೇಡುಗಳು ಸವೆದುಹೋಗಿದ್ದವು. ಡಿವಿಜನ್ನಿನ ಮಟ್ಟದಲ್ಲಿ ಆತನ ಶಕ್ತಿಯಾಗಿದ್ದ ‘ನಾನೇ ಹೋಗಿ ನೋಡುತ್ತೇನೆ’ ಎಂಬ ಸ್ವಭಾವಕ್ಕೆ ನೂರಾರು ಕಿಲೋಮೀಟರ್ ಉದ್ದದ ಮುಂಚೂಣಿಯಲ್ಲಿ ಎಡೆಯೂ ಇರಲಿಲ್ಲ. ನವೆಂಬರಿನಲ್ಲಿ ಮೆಟ್ಸ್ ಬಿತ್ತು, ಡಿಸೆಂಬರಿನಲ್ಲಿ ಆತನನ್ನು ಅಲ್ಲಿಂದ ಎತ್ತಿ ಹಂಗೇರಿಯಲ್ಲಿದ್ದ, ಸ್ಟಾಲಿನ್‌ಗ್ರಾಡಿನ ನಂತರ ಮರಳಿ ಕಟ್ಟಲಾದ 6ನೇ ಸೇನೆಗೆ ಕಳುಹಿಸಿದರು. ಅಲ್ಲಿ ಬುಡಾಪೆಸ್ಟನ್ನು ಬಿಡಿಸಲು ಜನವರಿಯಲ್ಲಿ ಮೂರು ಸಲ ನಡೆದ ಪ್ರಯತ್ನಗಳೂ ವಿಫಲವಾದವು. 1945ರ ಮೇ ತಿಂಗಳಲ್ಲಿ ಉಳಿದ ಸೈನ್ಯವನ್ನು ಆಸ್ಟ್ರಿಯಾಕ್ಕೆ ನಡೆಸಿ, ಸೋವಿಯತ್ ಕೈಗೆ ಸಿಗದಂತೆ, ಅಮೆರಿಕದ ಜನರಲ್ ಮ್ಯಾಕ್‌ಬ್ರೈಡ್‌ಗೆ ಶರಣಾದ.

ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಸಂಗತಿಗಳು ಇದೇ ಪಶ್ಚಿಮದ ಅವಧಿಗೆ ಸೇರಿದವು. 1944ರ ನವೆಂಬರ್ 28ರಂದು ತನ್ನದೇ ಫಿರಂಗಿ ದಳದ ಒಬ್ಬ ಲೆಫ್ಟಿನೆಂಟ್ ಕರ್ನಲ್, ಅಗತ್ಯವಿದ್ದ ವೇಳೆಯಲ್ಲಿ ಕುಡಿದು ಮಲಗಿದ್ದನೆಂಬ ಕಾರಣಕ್ಕೆ, ಯಾವ ಸೈನಿಕ ನ್ಯಾಯಾಲಯದ ವಿಚಾರಣೆಯೂ ಇಲ್ಲದೆ ಅವನನ್ನು ಗುಂಡಿಕ್ಕಿ ಕೊಲ್ಲಿಸಲು ಬಾಲ್ಕ್ ಆದೇಶಿಸಿದ. ಇದನ್ನು ವಿಚಾರಿಸಿದ್ದು ಗೆದ್ದ ದೇಶಗಳ ನ್ಯಾಯಾಲಯವಲ್ಲ, ಸ್ಟುಟ್‌ಗಾರ್ಟ್‌ನ ಜರ್ಮನ್ ನ್ಯಾಯಾಲಯ. 1948ರಲ್ಲಿ ಮೂರು ವರ್ಷಗಳ ಶಿಕ್ಷೆಯಾಗಿ, ಅದರಲ್ಲಿ ಅರ್ಧದಷ್ಟನ್ನು ಆತ ಸೆರೆಮನೆಯಲ್ಲಿ ಕಳೆದ. ಇನ್ನೊಂದು, ಅದೇ ನವೆಂಬರಿನಲ್ಲಿ ವೋಜ್ ಬೆಟ್ಟಗಳ ಜೆರಾರ್‌ಮೇರ್ ಪಟ್ಟಣವನ್ನು ಹಿಮ್ಮೆಟ್ಟುವ ಸೇನೆ ಸುಟ್ಟುಹಾಕಿದ ಪ್ರಕರಣ. ಇದಕ್ಕಾಗಿ ಕೊಲ್ಮಾರ್‌ನ ಫ್ರೆಂಚ್ ನ್ಯಾಯಾಲಯ ಆತನ ಗೈರುಹಾಜರಿಯಲ್ಲಿ 20 ವರ್ಷಗಳ ಶಿಕ್ಷೆ ವಿಧಿಸಿತು. ಆತನನ್ನು ಫ್ರಾನ್ಸಿಗೆ ಒಪ್ಪಿಸಲಿಲ್ಲ, ಶಿಕ್ಷೆ ಜಾರಿಯಾಗಲಿಲ್ಲ.

ದಾಖಲೆಗಾಗಿ ಇನ್ನೊಂದು ಮಾತು. ಸೆರೆಯಲ್ಲಿದ್ದಾಗ ಅಮೆರಿಕದ ಸೈನ್ಯ ಜರ್ಮನ್ ಜನರಲ್‌ಗಳಿಂದ ಯುದ್ಧದ ಇತಿಹಾಸ ಬರೆಯಿಸುತ್ತಿತ್ತು. ಹಲವರು ಒಪ್ಪಿದರು, ಬಾಲ್ಕ್ ಒಪ್ಪಲಿಲ್ಲ. ಆ ನಿರಾಕರಣೆಯಿಂದಲೇ ದಶಕಗಳ ಕಾಲ ಆತನ ಹೆಸರು ಇಂಗ್ಲಿಷ್ ಓದುಗರಿಗೆ ಹೆಚ್ಚು ತಲುಪಲಿಲ್ಲ. 1970ರ ದಶಕದ ಕೊನೆಯಲ್ಲಿ, ಸಂಖ್ಯೆಯಲ್ಲಿ ತಮಗಿಂತ ದೊಡ್ಡದಾದ ಸೋವಿಯತ್ ಟ್ಯಾಂಕು ಸೇನೆಯನ್ನು ಜರ್ಮನಿಯ ನೆಲದಲ್ಲಿ ತಡೆಯುವುದು ಹೇಗೆಂದು ಅಮೆರಿಕನ್ನರು ತಲೆಕೆಡಿಸಿಕೊಂಡಿದ್ದಾಗ ಆತನನ್ನೂ ಮೆಲ್ಲೆಂಥಿನ್‌ನನ್ನೂ ಹುಡುಕಿಕೊಂಡು ಹೋದರು. 1980ರ ಮೇ ತಿಂಗಳಲ್ಲಿ ಇಬ್ಬರೂ ಅಮೆರಿಕದಲ್ಲಿ ಜನರಲ್ ಡೆಪ್ಯೂ ಮೊದಲಾದವರ ಜೊತೆ ನಕ್ಷೆಯ ಮುಂದೆ ಕುಳಿತು ಚಿರ್ ಕಾಳಗವನ್ನು ವಿವರಿಸಿದರು. ಈಗ ಪ್ರಚಾರದಲ್ಲಿರುವ ಹೊಗಳಿಕೆಯ ಬಹುಭಾಗ ಆ ಭೇಟಿಗಳ ಆಸುಪಾಸಿನದು. ಅವರಿಗೆ ಬೇಕಾಗಿದ್ದದ್ದು 1942ರ ಡಿಸೆಂಬರ್; 1944ರ ನವೆಂಬರ್ ಬಗ್ಗೆ ಕೇಳುವ ಅಗತ್ಯ ಅವರಿಗೆ ಇರಲಿಲ್ಲ. ಬಾಲ್ಕ್ 1982ರ ನವೆಂಬರ್ 29ರಂದು ತೀರಿಕೊಂಡ.